ಓಟು ಹಾಕಿದವಳಿಗೆ ರೊಟ್ಟಿಯಿಲ್ಲ

ಹೆಂಗಸರಿಗೂ ಓಟು ಬಂದಿದೆ ಎಂಬ ಸುದ್ದಿ ನನಗೆ ತಿಳಿದದ್ದು ನನ್ನ ಭಾವನ ಸಿಟ್ಟಿನಿಂದ. ನಾನು ಒಳಗೆ ಜೋಳದ ಹಿಟ್ಟು ನಾದುತ್ತಿದ್ದೆ. ಗಂಡನ ಅಣ್ಣ ಅಂಗಳದಲ್ಲಿ ಚಪ್ಪಲಿ ಬಿಟ್ಟು, ನಿಂತಲ್ಲಿಂದಲೇ ತಾಯಿಗೆ ಹೇಳಿದರು:

“ಚಾವಡ್ಯಾಗ ತಲಾಟಿ ನಿನ್ನ ಸಣ್ಣ ಸೊಸಿ ಹೆಸರು ಓದಿದ. ಅಷ್ಟೂ ಗಂಡಸರ ನಡುವ. ನನಗ ಮಾರಿ ಎತ್ತಾಕ ಆಗಲಿಲ್ಲ.”

“ಯಾಕ ಓದಿದ? ಅಕಿ ಏನ್ ಮಾಡ್ಯಾಳ?” ಎಂದರು ಅತ್ತೆ.

“ಏನೂ ಮಾಡಿಲ್ಲ. ಅಕಿ ಹೆಸರಿಲೆ ಹೊಲ ಐತಲ್ಲ, ಅದಕ್ಕ ಓಟು ಹಾಕಬಹುದಂತ. ಮುಂಬಯಿಯಾಗ ಕುಂತವ್ರು ಕಾಯ್ದೆ ಮಾಡ್ಯಾರ.”

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ನಿಜವೇ ಎಂದು ಕೇಳಿದೆ. ಭಾವ ತಾಯಿಯ ಕಡೆಗೇ ತಿರುಗಿ, “ಅಕಿ ಹೋಗಂಗಿಲ್ಲ ಅಂತ ಹೇಳು” ಎಂದು ಹೊರಟುಹೋದರು.

ನಾವು ಇಳಕಲ್ಲಿನಲ್ಲಿದ್ದೆವು. ಊರಿನ ಕ್ರೈಸ್ತರೆಂದರೆ ಕೆಲವು ನೇಕಾರರ ಮನೆಗಳು, ಊರ ಹೊರಗಿನ ಕೇರಿಯಿಂದ ಬಂದ ಕೆಲವು ಮನೆಗಳು, ಅಷ್ಟೇ. ನನ್ನ ತಂದೆ ಬಾದಾಮಿಯ ಕಡೆ ಉಪದೇಶಿಯಾಗಿದ್ದವರು. ಹಳ್ಳಿ ಹಳ್ಳಿ ತಿರುಗಿ ಶಾಸ್ತ್ರ ಹೇಳುವುದು ಅವರ ಕೆಲಸ. ಗಂಡುಮಕ್ಕಳಿರಲಿಲ್ಲ ಎಂದೋ ಏನೋ, ನನಗೆ ಅಕ್ಷರ ಕಲಿಸಿ, ದಿನಾ ಸಂಜೆ ಶಾಸ್ತ್ರವನ್ನು ನನ್ನಿಂದಲೇ ಓದಿಸಿ ಕೇಳುತ್ತಿದ್ದರು. ತಪ್ಪು ಓದಿದರೆ ಬೈಯುತ್ತಿರಲಿಲ್ಲ. “ಇನ್ನೊಮ್ಮೆ ಓದು, ಅದೇನು ಹೇಳ್ತೈತಿ ನೋಡು” ಎನ್ನುತ್ತಿದ್ದರು. ಆ ಓದಿನಿಂದಲೇ ನಾನು ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾದೆ. ಮದುವೆಯಾದ ಮನೆಯಲ್ಲಿ ಮಗ್ಗವೂ ಇತ್ತು, ಮರೋಳದಲ್ಲಿ ಎರೆ ಹೊಲವೂ ಇತ್ತು. ಊರೂರನ್ನೇ ಬಳಿದುಕೊಂಡು ಹೋದ ಆ ದೊಡ್ಡ ಜ್ವರದಲ್ಲಿ ನನ್ನ ಗಂಡ ತೀರಿಕೊಂಡರು. ಅವರ ಪಾಲಿನ ಹೊಲ ನನ್ನ ಹೆಸರಿಗೆ ಬಂತು.

ಆ ಹೊಲವನ್ನು ನಾನು ಕುಳಿತಲ್ಲಿಂದ ಆಳಲಿಲ್ಲ. ಬಿತ್ತಿಗೆಗೂ ಕೊಯ್ಲಿಗೂ ಗಾಡಿ ಕಟ್ಟಿಸಿಕೊಂಡು ಮರೋಳಕ್ಕೆ ಹೋಗುತ್ತಿದ್ದೆ. ಪಾಲಿಗೆ ಮಾಡುವವನ ಜೊತೆ ಜಗಳಾಡುತ್ತಿದ್ದೆ. ಕಂದಾಯ ತುಂಬಲು ಹುನಗುಂದದ ಕಚೇರಿಗೆ ನಾನೇ ಹೋಗಿ ಗಂಡಸರ ಸಾಲಿನ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಆಗ ಭಾವನಿಗೆ ಮುಖ ಎತ್ತಲು ತೊಂದರೆಯಾಗಲಿಲ್ಲ. ಆಗ ನಮ್ಮ ಸಭೆಯ ಹಿರಿಯರಿಗೂ ಹೆಣ್ಣಿನ ಮರ್ಯಾದೆ ನೆನಪಾಗಲಿಲ್ಲ. ಕೊಡಲಿಕ್ಕೆ ಕಚೇರಿಗೆ ಹೋದರೆ ನಾನು ಗಟ್ಟಿ ಹೆಣ್ಣು, ಹೇಳಲಿಕ್ಕೆ ಹೋದರೆ ಮಾನಗೆಟ್ಟವಳು.

ಮುಂದಿನ ಭಾನುವಾರ ಅಯ್ಯನವರು ಅದನ್ನೇ ಪ್ರಸಂಗ ಮಾಡಿದರು. ನಮ್ಮ ಪಾದ್ರಿಗಳನ್ನು ನಾವು ಅಯ್ಯನವರು ಎಂದೇ ಕರೆಯುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ, ಜ್ವರದ ದಿನಗಳಲ್ಲಿ ಹೆಣ ಹೊತ್ತವರು. ಆದರೆ ಅಂದು ಅವರು ನನ್ನನ್ನು ನೋಡದೆ, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ, ಹೆಂಗಸು ಸಭೆಯಲ್ಲಿ ಬಾಯಿ ತೆರೆಯಬಾರದೆಂದು ಅಪೊಸ್ತಲ ಬರೆದಿದ್ದಾನೆ, ದೇವರ ಮನೆಯಲ್ಲೇ ತೆರೆಯಬಾರದ ಬಾಯನ್ನು ಸರಕಾರದ ಮನೆಯಲ್ಲಿ ತೆರೆಯಬಹುದೇ ಎಂದು ಕೇಳಿದರು. ಗಂಡಸರ ಕಡೆಯಿಂದ ಹೂಂ ಹೂಂ ಎಂಬ ಸದ್ದು ಬಂತು. ಎಡಗಡೆ ಚಾಪೆಯ ಮೇಲೆ ಕುಳಿತ ನಮ್ಮ ಕಡೆಯಿಂದ ಯಾವ ಸದ್ದೂ ಬರಲಿಲ್ಲ. ಆ ದೇವಾಲಯದ ಗೋಡೆಗೆ ಮಣ್ಣು ಹೊತ್ತವರು ಚಾಪೆಯ ಮೇಲಿದ್ದರು. ಹೂಂ ಅಂದವರಲ್ಲಿ ಅರ್ಧ ಮಂದಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವಳೂ ಅಲ್ಲೇ ಕುಳಿತಿದ್ದಳು. ಅದು ನಾನು.

ಅದೇ ಸಂಜೆ ಅಯ್ಯನವರು ಭಾವನನ್ನು ಕರೆದುಕೊಂಡು ಮನೆಗೆ ಬಂದರು. ಭಾವ ಸಭೆಯ ಹಿರಿಯರಲ್ಲಿ ಒಬ್ಬರು. ಅತ್ತೆ ಕಂಬಳಿ ಹಾಸಿದರು. ನಾನು ಬಾಗಿಲ ಬಳಿ ನಿಂತೆ.

“ನೋಡವಾ, ನೀ ತಿಳಿದಾಕಿ, ಉಪದೇಶಿ ಮಗಳು” ಎಂದು ಅಯ್ಯನವರು ಶುರು ಮಾಡಿದರು. “ಹೆಣ್ಣಿಗೆ ಗಂಡು ತಲಿ ಇದ್ದಂಗ. ಇದು ನನ್ನ ಮಾತಲ್ಲ, ಶಾಸ್ತ್ರದ್ದು. ಮನಿಗೆ ಒಂದ ತಲಿ, ಒಂದ ಓಟು. ನೀ ಹೋಗಂಗಿಲ್ಲ ಅಂತ ಒಂದು ಮಾತು ಕೊಡು, ನಾ ಚಹಾ ಕುಡದು ಹೋಗ್ತೇನಿ.”

“ನನ್ನ ಗಂಡ ಮಣ್ಣಾಗ ಅದಾರ್ರಿ. ಈಗ ನನ್ನ ತಲಿ ಯಾರು?”

ಅಯ್ಯನವರು ಭಾವನ ಕಡೆ ನೋಡಿದರು. ಭಾವ ಕಂಬಳಿಯ ನೂಲು ಎಳೆಯುತ್ತಿದ್ದರು.

“ಅದ ಶಾಸ್ತ್ರದಾಗ” ಎಂದೆ, “ಖರ್ಜೂರದ ಗಿಡದ ಕೆಳಗ ಕುಂತು ಇಡೀ ನಾಡಿಗೆ ನ್ಯಾಯ ಹೇಳಿದಾಕಿ ಹೆಂಗಸಲ್ಲೇನ್ರಿ? ಅಪ್ಪಗ ಗಂಡುಮಕ್ಕಳಿಲ್ಲ, ಹೊಲ ನಮಗ ಕೊಡ್ರಿ ಅಂತ ಅಕ್ಕತಂಗಿಯರು ಎಲ್ಲಾ ಹಿರಿಯರ ಮುಂದ ನಿಂತು ಕೇಳಿದ್ರು. ದೇವರು ಅವ್ರಿಗೆ ಬಾಯಿ ಮುಚ್ಚರಿ ಅಂದನೇನು? ಅವರು ಹೇಳೂದು ಖರೆ ಐತಿ ಅಂದ.”

“ಅವೆಲ್ಲಾ ಹಳೇ ಕಾಲದ ಮಾತು.”

“ಸುಮ್ಮನಿರಬೇಕು ಅಂದದ್ದೂ ಈಗಿಂದಲ್ಲಲ್ರಿ.”

ಭಾವ ಆಗ ಮೊದಲ ಸಲ ಬಾಯಿ ತೆರೆದರು. “ನೋಡಿದ್ರ್ಯಾ ಅಯ್ಯನವರ? ಓಟಿನ ಹೆಸರು ಕೇಳಿದ್ದಕ್ಕ ಇಷ್ಟು ಮಾತು. ಹಾಕಿ ಬಂದ ಮ್ಯಾಲೆ ಹೆಂಗ?”

ಅಯ್ಯನವರು ಚಹಾ ಕುಡಿಯಲಿಲ್ಲ. ನಾನು ಮಾತು ಕೊಡಲಿಲ್ಲ. ಅವರು ಹೋದ ಮೇಲೆ ಅತ್ತೆ ಕಂಬಳಿ ಮಡಿಸುತ್ತ, “ಊರಾಗ ನಾವು ಮೊದಲ ಬ್ಯಾರೆ ಮಂದಿ. ಇನ್ನಷ್ಟು ಬ್ಯಾರೆ ಆಗೂದು ಯಾಕ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು.

ನನಗೆ ಒಬ್ಬರ ಮೇಲೆ ಭರವಸೆಯಿತ್ತು. ನಮ್ಮ ಶಾಲೆಯ ಮೇಲ್ವಿಚಾರಣೆ ನೋಡುವ ದೊರೆಸಾನಿ. ಇಂಗ್ಲಿಷರಲ್ಲ, ಬೇರೊಂದು ದೇಶದಿಂದ ಸಮುದ್ರ ದಾಟಿ ಒಬ್ಬರೇ ಬಂದವರು, ಟಾಂಗಾ ತಾವೇ ಹೊಡೆದುಕೊಂಡು ಶಿರೂರು, ಬಾಗಲಕೋಟೆ ಎಂದು ತಿರುಗುವವರು, ಶಾಲೆಯ ಗಂಡಸು ಮಾಸ್ತರರನ್ನು ನಿಲ್ಲಿಸಿ ಲೆಕ್ಕ ಕೇಳುವವರು. ಇವರಾದರೂ ನನ್ನ ಪರವಾಗಿ ಒಂದು ಮಾತು ಆಡುತ್ತಾರೆ ಎಂದುಕೊಂಡು ಹೋದೆ. ಅವರು ಬಂಗಲೆಯ ಮುಂದೆ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕಿಸುತ್ತಿದ್ದರು. ಎಲ್ಲ ಕೇಳಿ, ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರು:

“ನನ್ನ ದೇಶದಲ್ಲಿ ಸ್ತ್ರೀಯರಿಗೆ ಓಟು ಇಲ್ಲ. ನನ್ನ ತಾಯಿ ಹಾಕಲಿಲ್ಲ, ನಾನೂ ಹಾಕಿಲ್ಲ. ಆದರೂ ನಾವು ದೇವರ ಸೇವೆ ಮಾಡುತ್ತೇವೆ. ಮನೆಯೇ ಸ್ತ್ರೀಯ ರಾಜ್ಯವಾಗಿದೆ.”

ಆಕೆಗೆ ಮನೆಯೂ ಇರಲಿಲ್ಲ, ಗಂಡನೂ ಇರಲಿಲ್ಲ. ತನ್ನ ರಾಜ್ಯವನ್ನು ಬಿಟ್ಟು ಸಾವಿರಾರು ಹರದಾರಿ ದೂರ ಬಂದು ನಿಂತವಳು ನನಗೆ ಮನೆ ಹಿಡಿದುಕೊಂಡು ಕೂರು ಎನ್ನುತ್ತಿದ್ದಳು. ನಮಸ್ಕಾರ ಹೇಳಿ ಹೊರಗೆ ಬಂದೆ.

ಓಟಿನ ದಿನ ಹತ್ತಿರ ಬಂತು. ಆಗ ನಡೆದದ್ದು ನನ್ನನ್ನು ಇಂದಿಗೂ ಕುದಿಸುತ್ತದೆ.

ಹುನಗುಂದದ ಕಡೆಯ ಒಬ್ಬ ದೊಡ್ಡ ಜಮೀನುದಾರ ಉಮೇದುವಾರನಾಗಿ ನಿಂತಿದ್ದ. ನಮ್ಮ ಸಭೆಗೆ ಸರಿಯಾದ ಸ್ಮಶಾನವಿರಲಿಲ್ಲ. ಹಳ್ಳದ ದಂಡೆಯಲ್ಲಿ ಕಲ್ಲುನೆಲದ ಒಂದು ತುಂಡು ಇತ್ತು. ಮಳೆ ಜೋರಾದರೆ ಗೋರಿ ಕುಸಿಯುತ್ತಿದ್ದವು. ನೀವೆಲ್ಲ ನನಗೆ ಓಟು ಹಾಕಿದರೆ ಊರ ಪಕ್ಕದಲ್ಲೇ ಒಳ್ಳೆಯ ನೆಲ ಬಿಟ್ಟುಕೊಡುತ್ತೇನೆ ಎಂದು ಅವನು ಹಿರಿಯರಿಗೆ ಮಾತು ಕೊಟ್ಟ. ನಮ್ಮವರಲ್ಲಿ ಓಟಿದ್ದವರೇ ಬೆರಳೆಣಿಕೆಯಷ್ಟು ಮಂದಿ. ಒಂದೊಂದೂ ಬೇಕಾಯಿತು.

ಅಯ್ಯನವರೂ ಭಾವನೂ ಮತ್ತೆ ಬಂದರು. ಈ ಸಲ ಅಯ್ಯನವರು ಮೊದಲೇ ಚಹಾ ಕೇಳಿದರು.

“ತಂಗೀ, ನೀ ಹುನಗುಂದಕ್ಕ ಹೋಗಬಹುದು. ನಾವು ಹಿರಿಯರೆಲ್ಲ ಕೂಡಿ ವಿಚಾರ ಮಾಡೀವಿ. ಯಾರಿಗೆ ಹಾಕಬೇಕಂತ ನಿಮ್ಮ ಭಾವ ಹೇಳ್ತಾರ.”

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

“ಹೋದ ತಿಂಗಳು ದೇವರು ಬ್ಯಾಡ ಅಂದಿದ್ದ. ಈ ತಿಂಗಳು ಹೂಂ ಅಂದನೇನ್ರಿ?”

“ಇದು ಸಭೆಯ ಒಳ್ಳೇದಕ್ಕ. ಹಿರಿಯರ ಮಾತಿಗೆ ಒಳಗಾಗಿ ಹೋದ್ರ ಅದು ಅಧೀನತೇನ ಆತು. ನಿನ್ನಷ್ಟಕ್ಕ ನೀ ಹೋದ್ರ ಗರ್ವ.”

ಅದೇ ಶಾಸ್ತ್ರ, ಅದೇ ಮಾತು. ಮೊದಲು ಅದರಿಂದ ನನ್ನ ಕಾಲು ಕಟ್ಟಿದರು, ಈಗ ಅದೇ ಹಗ್ಗ ಹಿಡಿದು ನನ್ನನ್ನು ಸಂತೆಗೆ ಹೊಡೆದುಕೊಂಡು ಹೋಗಲು ಬಂದಿದ್ದರು. ಎಮ್ಮೆಗಾದರೂ ಸಂತೆಗೆ ಒಯ್ಯುವ ಮುಂಚೆ ಮೈ ತಿಕ್ಕುತ್ತಾರೆ.

ಆ ಜಮೀನುದಾರನನ್ನು ನಾನು ಬಲ್ಲೆ. ಮರೋಳದಲ್ಲಿ ನನ್ನ ಹೊಲದ ಆಚೆ ಅವನ ಹೊಲಗಳು. ಅವನ ಬಾವಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಮರೋಳದ ಕೇರಿಯಿಂದ ನಮ್ಮ ಸಭೆಗೆ ಬಂದ ಹೆಂಗಸರು ಕೊಡ ಹಿಡಿದು ಅಲ್ಲಿ ನಿಂತಾಗ ಅವನ ಆಳುಗಳು ಕೊಡಗಳನ್ನು ಕಲ್ಲಿಗೆ ಹೊಡೆದು ಒಡೆದದ್ದನ್ನು ನಾನು ಹೊಲದ ಬದುವಿನಲ್ಲಿ ನಿಂತು ಕಂಡಿದ್ದೆ. ಆ ಹೆಂಗಸರು ಮನೆಯಿಂದ ಬೇರೆ ಕೊಡ ತಂದು, ಹಳ್ಳದ ಉಸುಕಿನಲ್ಲಿ ವರತೆ ತೋಡಿ, ಬಟ್ಟಲು ಬಟ್ಟಲಾಗಿ ನೀರು ತುಂಬಿಕೊಂಡು ಹೋದರು. ಅದನ್ನು ಅಯ್ಯನವರಿಗೆ ಆಗಲೇ ಹೇಳಿದ್ದೆ. ಪ್ರಾರ್ಥನೆ ಮಾಡೋಣ ಎಂದಿದ್ದರು.

“ಸತ್ತವ್ರಿಗೆ ನೆಲ ಕೊಡ್ತಾನ, ಬದುಕಿದವ್ರಿಗೆ ನೀರು ಕೊಡಂಗಿಲ್ಲ” ಎಂದೆ. “ಅಂಥವಗ ನಿಮ್ಮ ಓಟು ಹಾಕ್ರಿ. ನನ್ನದು ನಾ ನೋಡ್ಕೋತೇನಿ.”

ಭಾವ ಎದ್ದು ನಿಂತರು. “ನೀ ಹಾಕಿದ್ದು ನನಗ ಗೊತ್ತಾಗಬೇಕು” ಎಂದರು.

“ಗೊತ್ತಾಗಂಗಿಲ್ರಿ.”

ಓಟಿನ ದಿನ ನೆರೆಮನೆಯ ಮುಸಲ್ಮಾನ ವಿಧವೆಯ ಗಾಡಿಯಲ್ಲಿ ಹೋದೆ. ಆಕೆಯನ್ನು ನಾನು ಖಾಲಾ ಎನ್ನುತ್ತಿದ್ದೆ. ಗಂಡ ಬಿಟ್ಟುಹೋದ ಬಣ್ಣದ ನೂಲಿನ ವ್ಯಾಪಾರವನ್ನು ಆಕೆಯೇ ನಡೆಸುತ್ತಿದ್ದಳು, ಅದರಿಂದ ಆಕೆಗೂ ಓಟಿತ್ತು. ಮುಸಲ್ಮಾನರ ಉಮೇದುವಾರರು ಬೇರೆ, ಪೆಟ್ಟಿಗೆ ಬೇರೆ. ಆದರೆ ದಾರಿ ಒಂದೇ. ಗಾಡಿಗೆ ನಾಲ್ಕೂ ಕಡೆ ಪರದೆ ಕಟ್ಟಿಸಿದ್ದಳು.

“ನಿಮ್ಮವ್ರು ಬ್ಯಾಡ ಅನಲಿಲ್ಲೇನು ಖಾಲಾ?” ಎಂದು ಕೇಳಿದೆ.

“ಅಂದ್ರು. ಈ ಕಿವಿಗೆ ಭಾಳ ದಿನ ಆತು, ಸರಿಯಾಗಿ ಕೇಳ್ಸಂಗಿಲ್ಲ ಅಂದೆ.” ನೂಲಿನ ದರದಲ್ಲಿ ಕಾಸಿನ ವ್ಯತ್ಯಾಸವಾದರೆ ಎರಡು ಅಂಗಡಿ ಆಚೆಯಿಂದಲೂ ಕೇಳಿಸಿಕೊಳ್ಳುವ ಕಿವಿ ಅದು. ಆ ದಿನ ನಾನು ನಕ್ಕಿದ್ದರೆ ಅಷ್ಟು ಮಾತ್ರ.

ಹುನಗುಂದದ ಕಚೇರಿಯ ಮುಂದೆ ಗಂಡಸರ ಜಾತ್ರೆ. ಜಮೀನುದಾರನ ಮಂದಿ ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಂಚುತ್ತಿದ್ದರು. ಅವರ ನಡುವೆ ಭಾವ ನಿಂತಿದ್ದರು. ಗಾಡಿಯಿಂದ ನಾವಿಬ್ಬರೂ ಇಳಿದಾಗ ಮಾತುಗಳು ನಿಂತವು. ಯಾರೋ ಕೆಮ್ಮಿದರು. ಯಾರೋ, “ಇನ್ನ ಮನ್ಯಾಗ ರೊಟ್ಟಿ ನಾವ ಬಡೀಬೇಕು” ಎಂದರು, ಉಳಿದವರು ನಕ್ಕರು. ನನ್ನ ಭಾವ ನಗಲಿಲ್ಲ. ಅವರಿಗೆ ಸುಮ್ಮನಿರಿ ಎಂದೂ ಹೇಳಲಿಲ್ಲ. ನನ್ನ ಪಕ್ಕಕ್ಕೆ ಬಂದು, ಉಮೇದುವಾರನ ಹೆಸರನ್ನು ಮೆಲ್ಲಗೆ ಹೇಳಿದರು. ನಾನು ಸೆರಗು ಎಳೆದುಕೊಂಡು ಮೆಟ್ಟಿಲು ಹತ್ತಿದೆ.

ಒಳಗಿನ ಕಾರಕೂನ ನನ್ನನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದ. ಕಂದಾಯದ ದಿನಗಳಲ್ಲಿ ನನ್ನನ್ನು ನೋಡಿದವನೇ. “ಯಾರಿಗೆ ಹೇಳವಾ, ನಾ ಗುರುತು ಹಾಕ್ತೇನಿ” ಎಂದು ಕೈ ಚಾಚಿದ. ಓದು ಬಾರದವರಿಗೆ ಹಾಗೆ ಮಾಡುತ್ತಿದ್ದರು. ನನಗಿಂತ ಮುಂಚೆ ಹೋದ ಗಂಡಸರಲ್ಲಿ ಬಹಳ ಮಂದಿ ಹಾಗೇ ಮಾಡಿಸಿದ್ದರು.

“ನನಗ ಓದಾಕ ಬರ್ತೈತ್ರಿ” ಎಂದೆ.

ಕಾಗದ ತೆಗೆದುಕೊಂಡು ಹಲಗೆಯ ಮರೆಗೆ ಹೋದೆ. ಹೆಸರುಗಳನ್ನು ಓದಿದೆ. ತಂದೆ ಹೇಳಿಕೊಟ್ಟಂತೆ ಇನ್ನೊಮ್ಮೆ ಓದಿದೆ. ಗುರುತು ಹಾಕಿದೆ, ಮಡಿಸಿದೆ, ಪೆಟ್ಟಿಗೆಗೆ ಬಿಟ್ಟೆ. ಸಂತೋಷವೇನೂ ಆಗಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಗಂಡಸರು ಇಷ್ಟು ದಿನ ನನ್ನ ಮನೆಯ ಕಂಬಳಿ ಸವೆಸಿದರಲ್ಲ ಎಂದು ಸಿಟ್ಟು ಇಮ್ಮಡಿಯಾಯಿತು.

ಮರುವಾರ ಹಿರಿಯರೆಲ್ಲ ನಮ್ಮ ಮನೆಯಲ್ಲೇ ಕೂಡಿದರು. ಯಾರಿಗೆ ಹಾಕಿದೆ ಎಂದು ಕೇಳಿದರು. ಹೇಳುವುದಿಲ್ಲ ಎಂದೆ. ದೇವರ ಮುಂದೆ ಮುಚ್ಚಿಡುವುದು ಏನಿದೆ ಎಂದರು. ದೇವರಿಗೆ ಗೊತ್ತಿದೆ, ಅವನು ಕೇಳಿಲ್ಲ ಎಂದೆ. ಅಯ್ಯನವರು, ಹಿರಿಯರಿಗೆ ಅವಿಧೇಯಳಾದದ್ದನ್ನು ನಾನು ಸಭೆಯ ಮುಂದೆ ಒಪ್ಪಿಕೊಂಡು ತಪ್ಪಾಯಿತು ಎನ್ನುವವರೆಗೆ ನನಗೆ ಪ್ರಭುಭೋಜನದ ರೊಟ್ಟಿಯೂ ಪಾತ್ರೆಯೂ ಇಲ್ಲ ಎಂದರು. ಪ್ರಭುವಿನ ಕೊನೆಯ ಊಟದ ನೆನಪಿಗೆ ಸಭೆಯವರೆಲ್ಲ ಹಂಚಿಕೊಳ್ಳುವ ಆ ರೊಟ್ಟಿ, ದ್ರಾಕ್ಷಾರಸ ಸಿಗದಿದ್ದರೆ ಸಭೆಯ ಹೊರಗಿಟ್ಟಂತೆಯೇ. ಕುಡಿದು ಹೆಂಡತಿಯನ್ನು ಹೊಡೆದವನಿಗೆ ಆ ಶಿಕ್ಷೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅಂಥವನೊಬ್ಬ ಆ ಕಂಬಳಿಯ ಮೇಲೆಯೇ ಕುಳಿತಿದ್ದ.

“ಗಂಡನ ಮನಿ ಮಾತು ಮೀರಿದಾಕಿ ದೇವರ ಮಾತು ಕೇಳ್ತಾಳೇನು?” ಎಂದರು ಭಾವ.

ಆಗ ಒಲೆಯ ಹತ್ತಿರ ಕುಳಿತಿದ್ದ ಅತ್ತೆ ಮಾತಾಡಿದರು. ಅವರು ಗಂಡಸರ ಕೂಟದಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ನಿನ್ನ ಅಪ್ಪ ಈ ದೇವರು ಬ್ಯಾಡ ಅಂದಿದ್ದ” ಎಂದರು ಮಗನಿಗೆ. “ಹೋದ್ರ ಕಾಲು ಮುರೀತೇನಿ ಅಂದಿದ್ದ. ನಾ ನಿನ್ನ ಬಗಲಾಗ ಎತ್ಕೊಂಡು ಹಿತ್ತಲ ಬಾಗಲಲೆ ಹೋಗಿ ದೀಕ್ಷಾಸ್ನಾನ ಮಾಡಿಸ್ಕೊಂಡು ಬಂದೆ. ನಿನಗೂ ಮಾಡ್ಸಿದೆ. ಅವತ್ತು ನಾ ಗಂಡನ ಮಾತು ಕೇಳಿದ್ರ ನೀ ಇವತ್ತು ಇಲ್ಲಿ ಹಿರಿಯ ಆಗಿ ಕುಂದರತಿದ್ದೇನು?”

ಅಯ್ಯನವರು ಪೇಟ ಸರಿಮಾಡಿಕೊಂಡರು. ಅತ್ತೆಯ ಆ ಅವಿಧೇಯತೆಯ ಕತೆಯನ್ನು ಅವರೇ ದೇವಾಲಯದಲ್ಲಿ ನಂಬಿಕೆಗೆ ಸಾಕ್ಷಿ ಎಂದು ಎಷ್ಟೋ ಸಲ ಹೇಳಿದ್ದರು. ಆದರೂ ತೀರ್ಮಾನ ಬದಲಾಗಲಿಲ್ಲ. ಎದ್ದು ಹೋದರು.

ಪ್ರಭುಭೋಜನದ ಭಾನುವಾರ ನಾನು ಮನೆಯಲ್ಲಿ ಉಳಿಯಲಿಲ್ಲ. ಎಂದಿನ ಜಾಗದಲ್ಲೇ, ಅತ್ತೆಯ ಪಕ್ಕದಲ್ಲಿ ಕುಳಿತೆ. ಅಯ್ಯನವರು ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ನನ್ನ ಮುಂದೆ ಅವರ ಕಾಲು ನಿಲ್ಲಲಿಲ್ಲ. ತಟ್ಟೆ ನನ್ನನ್ನು ದಾಟಿ ಅತ್ತೆಯ ಮುಂದೆ ನಿಂತಿತು. ಅತ್ತೆ ನನ್ನ ಕಡೆ ನೋಡಿದರು, ಮತ್ತೆ ತಲೆ ತಗ್ಗಿಸಿ ರೊಟ್ಟಿ ತೆಗೆದುಕೊಂಡರು. ಅವರಿಗೆ ವಯಸ್ಸಾಗಿತ್ತು. ರೊಟ್ಟಿಯಿಲ್ಲದೆ ಸತ್ತರೆ ಎಂಬ ಭಯ ಅವರಿಗಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮುದುಕಿಯ ಎದೆಯಲ್ಲಿ ಅಂಥ ಭಯ ಇಟ್ಟವರ ಮೇಲೆ ಬಂತು. ಹಸಿವಿಗೆ ಕೊಟ್ಟ ಅನ್ನವನ್ನು ಬೆದರಿಸುವ ಕೋಲು ಮಾಡಿಕೊಂಡಿದ್ದರು.

ಭಾನುವಾರ ಹುಡುಗಿಯರಿಗೆ ಶಾಸ್ತ್ರ ಹೇಳುವ ಕೆಲಸವನ್ನೂ ನನ್ನಿಂದ ತೆಗೆದರು. ದಿನದ ಶಾಲೆಯಿಂದಲೂ ತೆಗೆಯಬೇಕೆಂದು ಹಿರಿಯರು ಹೋಗಿ ಕೇಳಿದಾಗ ದೊರೆಸಾನಿ ಒಪ್ಪಲಿಲ್ಲ. ಅದು ನಿಜ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದು ದಿನ ಶಾಲೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು: “ಗುರುತು ಹಾಕುವಾಗ ನಿನಗೆ ಹೇಗೆ ಅನಿಸಿತು?”

ಆ ಪ್ರಶ್ನೆಯಲ್ಲಿ ಆಸೆಯಿತ್ತು. ಈಗ ನೆನೆದರೆ ಕನಿಕರವಾಗುತ್ತದೆ. ಅಂದು ಆಗಲಿಲ್ಲ. “ನಿಮ್ಮ ದೇಶಕ್ಕ ಹೋಗಿ ಕೇಳಿ ತಗೋರಿ ಅಮ್ಮಾರ. ಆಮ್ಯಾಲೆ ಗೊತ್ತಾಕ್ಕೈತಿ” ಎಂದೆ. ಅವರು ಮುಖ ಕೆಂಪು ಮಾಡಿಕೊಂಡು ಕಿಟಕಿ ಮುಚ್ಚತೊಡಗಿದರು.

ಜಮೀನುದಾರ ಗೆದ್ದ. ಸ್ಮಶಾನದ ನೆಲ ಕೊಡಲಿಲ್ಲ. ಈ ವರ್ಷ, ಬರುವ ವರ್ಷ ಎಂದ. ಹಿರಿಯರು ಅವನ ವಾಡೆಯ ಬಾಗಿಲಿಗೆ ಹೋಗಿ ಬಿಸಿಲಲ್ಲಿ ಕುಳಿತು ಬಂದರು. ಅತ್ತೆ ತೀರಿಕೊಂಡಾಗ ಅದೇ ಹಳ್ಳದ ದಂಡೆಯಲ್ಲಿ, ಹಾರೆಗೆ ಬಗ್ಗದ ಕಲ್ಲುನೆಲದಲ್ಲಿ ಮಣ್ಣು ಮಾಡಿದೆವು. ಭಾವ ತಾವೇ ಹಾರೆ ಹಿಡಿದು ಅಗೆದರು. ನಡುವೆ ನಿಂತು ನನ್ನ ಕಡೆ ನೋಡಿ, “ಅವ ಮೋಸ ಮಾಡಿದ” ಎಂದರು. ಅವರಿಂದ ನಾನು ಕೇಳಿದ್ದು ಅಷ್ಟೇ. ಅವರು ನನಗೆ ಮಾಡಿದ್ದಕ್ಕೆ ಯಾವ ಹೆಸರೂ ಇಡಲಿಲ್ಲ.

ಅಯ್ಯನವರಿಗೆ ಬಾಗಲಕೋಟೆಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಮೃದು ಮಾತಿನವರು. “ಹೋಗ್ಲಿ ಬಿಡ್ರಿ ಅಕ್ಕೋರ, ತಪ್ಪಾತು ಅಂತ ಒಂದ ಮಾತು ಅಂದುಬಿಡ್ರಿ, ಮುಗೀತು” ಎಂದರು. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅವರಿದ್ದಷ್ಟು ಕಾಲವೂ ತಟ್ಟೆ ನನ್ನನ್ನು ದಾಟಿಯೇ ಹೋಯಿತು. ನಾನೂ ಪ್ರತಿ ಸಲ ಹೋಗಿ ಅದೇ ಜಾಗದಲ್ಲಿ ಕುಳಿತೆ, ದಾಟುವವರು ನನ್ನನ್ನು ನೋಡಿಕೊಂಡೇ ದಾಟಲಿ ಎಂದು. ಮತ್ತೆ ಓಟು ಬಂದಾಗ ಮತ್ತೆ ಹುನಗುಂದಕ್ಕೆ ಹೋದೆ.

ಅವರ ನಂತರ ಬಂದವರು ಚಿಕ್ಕ ವಯಸ್ಸಿನವರು. ನನ್ನ ಶಿಕ್ಷೆಯ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲವೋ, ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲವೋ ನನಗೆ ತಿಳಿಯದು. ತಟ್ಟೆ ಹಿಡಿದು ಬಂದವರು ನನ್ನ ಮುಂದೆ ನಿಂತರು. ಗಂಡಸರ ಕಡೆಯಿಂದ ಒಬ್ಬರು ಗಂಟಲು ಸರಿಮಾಡಿಕೊಂಡರು. ಆ ಹೊಸ ಅಯ್ಯನವರು ಕದಲಲಿಲ್ಲ. ನಾನು ರೊಟ್ಟಿ ತೆಗೆದುಕೊಂಡೆ. ಪಕ್ಕದ ಹೆಂಗಸು ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಇದು ಯಾವಾಗಲೂ ನನ್ನದೇ ಆಗಿತ್ತು, ಇವರದಾಗಿರಲಿಲ್ಲ ಎಂದುಕೊಂಡು, ಆ ಸಿಟ್ಟಿನ ಸಮೇತವೇ ನುಂಗಿದೆ.